ಮತವಿಲ್ಲದ ಅಭಿಪ್ರಾಯ

ಮದ್ದೂರಿನ ಕೋರ್ಟಿನಲ್ಲೋ ಮಳವಳ್ಳಿಯ ಕೋರ್ಟಿನಲ್ಲೋ ಅರ್ಧ ದಿನ ಕೂತು ಕ್ರಿಮಿನಲ್ ಕೇಸುಗಳ ಸಾಕ್ಷಿ ವಿಚಾರಣೆ ನೋಡಿದವರ ಕಿವಿಗೆ ಒಂದು ಮಾತು ಬೀಳದೇ ಇರುವುದಿಲ್ಲ. ಪಂಚ ಸಾಕ್ಷಿ ಕಟಕಟೆ ಹತ್ತುತ್ತಾನೆ. ಸರ್ಕಾರಿ ವಕೀಲರು ಮಹಜರು ತೋರಿಸಿ ‘ಈ ಸಹಿ ನಿಮ್ಮದಾ?’ ಎನ್ನುತ್ತಾರೆ. ‘ಸಹಿ ನಂದೇ ಸ್ವಾಮಿ. ಸ್ಟೇಷನ್ನಿಗೆ ಕರೆಸಿ ಹಾಕಿಸ್ಕೊಂಡ್ರು. ಒಳಗೇನು ಬರ್ದಿದ್ರೋ ನಂಗೆ ಓದಿ ಹೇಳ್ಲಿಲ್ಲ.’ ಅಷ್ಟಕ್ಕೆ ಆತನನ್ನು ಪ್ರತಿಕೂಲ ಸಾಕ್ಷಿಯೆಂದು ಪರಿಗಣಿಸಲು ಕೋರಿಕೆ, ನಾಲ್ಕು ಸಾಲಿನ ಪಾಟೀಸವಾಲು, ಮುಂದಿನ ಸಾಕ್ಷಿ. ಸ್ಥಳೀಯರಾದ, ಸ್ವತಂತ್ರರಾದ, ಗೌರವಸ್ಥರಾದ ಇಬ್ಬರ ಸಮ್ಮುಖದಲ್ಲೇ ಶೋಧ ಮತ್ತು ಜಪ್ತಿ ನಡೆಯಬೇಕೆಂದು ಕಾನೂನು ಹೇಳುತ್ತದೆ. ಪೊಲೀಸರ ಕೈ ತಪ್ಪು ದಾರಿಗೆ ಹೋಗದಂತೆ ಊರಿನ ಎರಡು ಜೊತೆ ಕಣ್ಣು ಇರಲಿ ಎಂಬುದು ಅದರ ಉದ್ದೇಶ. ಆ ಕಣ್ಣುಗಳು ಏನನ್ನೂ ಕಾಣದೆ ಸಹಿ ಹಾಕಿ ಬರುತ್ತವೆ.

ವಯಸ್ಕರ ಕ್ರಿಮಿನಲ್ ವಿಚಾರಣೆಯಲ್ಲಿ ನಮ್ಮ ಜಿಲ್ಲೆಯ ಸಾಮಾನ್ಯ ಮನುಷ್ಯನಿಗೆ ಇಂದು ಉಳಿದಿರುವ ಪಾತ್ರಗಳು ಇವೇ: ದೂರುದಾರ, ಆರೋಪಿ, ಸಾಕ್ಷಿ, ಪಂಚ. ತೀರ್ಮಾನಿಸುವ ಜಾಗದಲ್ಲಿ ಅವನಿಲ್ಲ. ಒಂದು ಕಾಲದಲ್ಲಿ ಇದ್ದ. ಕಾನೂನು ಓದದ ರೈತ, ವ್ಯಾಪಾರಿ, ಮೇಷ್ಟ್ರು ಸೆಷನ್ಸ್ ನ್ಯಾಯಾಧೀಶರ ಪಕ್ಕದಲ್ಲಿ ಕೂತು ಕೊಲೆ, ದರೋಡೆಯ ಕೇಸುಗಳನ್ನು ಮೊದಲಿಂದ ಕೊನೆಯವರೆಗೆ ಕೇಳಿ ತಮ್ಮ ಅಭಿಪ್ರಾಯ ಹೇಳುತ್ತಿದ್ದರು. ಅವರಿಗೆ ಅಸೆಸರ್‌ಗಳೆಂದು ಹೆಸರು. ಆ ಪದ್ಧತಿ ನ್ಯಾಯವಾದ ವಿಚಾರಣೆಗೆ ಏನು ಕೊಟ್ಟಿತು, ಎಲ್ಲಿ ಸೋತಿತು, ಮಂಡ್ಯದಂಥ ಜಿಲ್ಲೆಗೆ ಅದರಿಂದ ಇನ್ನೂ ಕಲಿಯುವುದಿದೆಯೇ ಎಂಬುದನ್ನು ಗಂಭೀರವಾಗಿ ನೋಡಬೇಕಾದ ಕಾಲವಿದು ಎಂದು ನಾನು ನಂಬಿದ್ದೇನೆ.

ಅಸೆಸರ್ ಪದ್ಧತಿ ಹುಟ್ಟಿದ್ದು ಆಳುವವರ ಅನುಕೂಲಕ್ಕೆ. ವಿಲಿಯಂ ಬೆಂಟಿಂಕ್ ಗವರ್ನರ್ ಜನರಲ್ ಆಗಿದ್ದಾಗ, 1832ರಲ್ಲಿ ಬಂದ ಬಂಗಾಳದ 6ನೇ ರೆಗ್ಯುಲೇಷನ್, ಯುರೋಪಿಯನ್ ನ್ಯಾಯಾಧೀಶರು ಊರಿನ ಗೌರವಸ್ಥರ ನೆರವನ್ನು ಪಂಚಾಯ್ತಿಯಾಗಿ, ಅಸೆಸರ್‌ಗಳಾಗಿ ಅಥವಾ ಜ್ಯೂರಿಯಾಗಿ ಪಡೆಯಬಹುದೆಂದಿತು. ಜನರ ಮಾತು, ರೂಢಿ, ಬದುಕು ತಿಳಿಯದ ಹೊರಗಿನವನಿಗೆ ದಾರಿ ತೋರುವವರು ಬೇಕಿತ್ತು. ದಾರಿ ತೋರಿದವರ ಮಾತನ್ನು ಕೇಳಲೇಬೇಕೆಂಬ ಕಟ್ಟು ಮಾತ್ರ ಬೇಕಿರಲಿಲ್ಲ. ಈ ಹುಟ್ಟುಗುಣ ಕೊನೆಯವರೆಗೂ ಬಿಡಲಿಲ್ಲ.

1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದರ ಪೂರ್ಣ ರೂಪ ಕಾಣುತ್ತದೆ. ಸೆಷನ್ಸ್ ವಿಚಾರಣೆ ಒಂದೋ ಜ್ಯೂರಿಯ ಮುಂದೆ ನಡೆಯಬೇಕು, ಇಲ್ಲವೇ ಅಸೆಸರ್‌ಗಳ ನೆರವಿನೊಂದಿಗೆ. 1923ರ ತಿದ್ದುಪಡಿಯ ಮೇಲೆ ಅಸೆಸರ್‌ಗಳ ಸಂಖ್ಯೆ ಕಡಿಮೆಯೆಂದರೆ ಮೂರು, ಸಾಧ್ಯವಾದರೆ ನಾಲ್ಕು. ವಯಸ್ಸು 21ರಿಂದ 60, ಗಂಡಸರು ಮಾತ್ರ. ಪಟ್ಟಿ ತಯಾರಿಸುವವರು ಸೆಷನ್ಸ್ ನ್ಯಾಯಾಧೀಶರು ಮತ್ತು ಜಿಲ್ಲೆಯ ಕಲೆಕ್ಟರ್, ಅಂದರೆ ಇಬ್ಬರು ಅಧಿಕಾರಿಗಳ ಕಣ್ಣಿಗೆ ಯೋಗ್ಯರೆನಿಸಿದವರಷ್ಟೇ ಅದರಲ್ಲಿ ಇರುತ್ತಿದ್ದರು. ಮೈಸೂರು ಸಂಸ್ಥಾನಕ್ಕೆ ತನ್ನದೇ ಸಂಹಿತೆಯಿತ್ತು, ಅದೂ ಇದೇ ಅಚ್ಚಿನದು. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ಅಲ್ಲಿಯವರೆಗೆ ಮದ್ದೂರು, ಮಳವಳ್ಳಿ ಎರಡೂ ಮೈಸೂರು ಜಿಲ್ಲೆಗೆ ಸೇರಿದ್ದವು. 1951ರಲ್ಲಿ ಕೇಂದ್ರದ ಸಂಹಿತೆಯೇ ಮೈಸೂರು ರಾಜ್ಯಕ್ಕೆ ಅನ್ವಯವಾಯಿತು. ನಾಲ್ಕೇ ವರ್ಷಕ್ಕೆ, 1955ರ ತಿದ್ದುಪಡಿ ಕಾಯ್ದೆ ಅಸೆಸರ್‌ಗಳನ್ನು ಕೈಬಿಟ್ಟಿತು. ಜ್ಯೂರಿ ಹೋದದ್ದನ್ನು ಬೊಂಬಾಯಿಯ ನಾನಾವತಿ ಕೊಲೆ ಕೇಸಿನ ನೆಪದಲ್ಲಿ ಜನ ಇವತ್ತಿಗೂ ಮಾತಾಡುತ್ತಾರೆ. ಅಸೆಸರ್‌ಗಳು ಹೋದದ್ದನ್ನು ಯಾರೂ ನೆನೆಯುವುದಿಲ್ಲ.

ಮೊದಲು ಈ ಪದ್ಧತಿಯ ಶಕ್ತಿಯನ್ನು ಹೇಳಬೇಕು, ಏಕೆಂದರೆ ಅದು ನಿಜವಾದದ್ದು. ಒಂದು ಕೊಲೆ ಕೇಸನ್ನು ಕಲ್ಪಿಸಿಕೊಳ್ಳಿ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ, ರಾತ್ರಿ ಎರಡು ಗಂಟೆಗೆ, ಬದುವಿನ ಮೇಲೆ ಒಬ್ಬನ ಕೊಲೆಯಾಗಿದೆ. ಕಣ್ಣಾರೆ ಕಂಡೆ ಎನ್ನುವ ಸಾಕ್ಷಿ ಪಕ್ಕದ ಗದ್ದೆಯವನು. ‘ಆ ಹೊತ್ತಿನಲ್ಲಿ ನಿಮಗೆ ಅಲ್ಲೇನು ಕೆಲಸ?’ ಎಂದು ಆರೋಪಿ ಪರ ವಕೀಲರು ಕೇಳುತ್ತಾರೆ. ‘ನೀರು ಕಟ್ಟೋಕೆ ಹೋಗಿದ್ದೆ’ ಎನ್ನುತ್ತಾನೆ. ಬೇರೆ ಸೀಮೆಯಿಂದ ವರ್ಗವಾಗಿ ಬಂದ ನ್ಯಾಯಾಧೀಶರಿಗೆ ಇದು ಆಕಸ್ಮಿಕ ಸಾಕ್ಷಿಯ ಕಟ್ಟುಕತೆಯಂತೆ ಕಾಣಬಹುದು. ಸರದಿಯ ಮೇಲೆ ನೀರು ಹರಿಸುವ ಕಟ್ಟು ಪದ್ಧತಿಯಲ್ಲಿ ನಾಲೆಗೆ ನೀರು ಬಿಟ್ಟಾಗ ತೂಬಿನ ಸರದಿ ಯಾವ ಹೊತ್ತಿಗೆ ಬರುತ್ತದೆ, ಸರದಿ ತಪ್ಪಿದರೆ ಮುಂದಿನ ನೀರಿಗೆ ಎಷ್ಟು ದಿನ ಕಾಯಬೇಕು, ಮಡೆ ಕಾಯದಿದ್ದರೆ ಮೇಲಿನ ಗದ್ದೆಯವನು ಏನು ಮಾಡುತ್ತಾನೆ ಎಂಬುದನ್ನು ಮದ್ದೂರು ಸೀಮೆಯ ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದೇ ರೈತನೇ ಎದುರು ಪ್ರಶ್ನೆಯನ್ನೂ ಕೇಳಬಲ್ಲ: ಎದೆ ಮಟ್ಟ ದಾಟಿದ ಕಬ್ಬಿನ ಆಚೆ ನಿಂತವನ ಮುಖ ಬೆಳದಿಂಗಳಲ್ಲಿ ಎಷ್ಟು ದೂರದಿಂದ ಗುರುತು ಸಿಗುತ್ತದೆ? ಆ ವಾರ ನಿಜಕ್ಕೂ ಆ ತೂಬಿಗೆ ನೀರಿತ್ತೇ? ಇಂಥ ಒಂದು ಪ್ರಶ್ನೆ ಒಬ್ಬ ನಿರಪರಾಧಿಯನ್ನು ಉಳಿಸಬಹುದು.

ದೂರು ತಡವಾದ ಮಾತೂ ಹಾಗೆಯೇ. ಘಟನೆ ಸೋಮವಾರ, ದೂರು ಬುಧವಾರ. ಕಾನೂನಿನ ಕಣ್ಣಿಗೆ ಅದು ಸಂಶಯ. ನಡುವಿನ ಎರಡು ದಿನ ಊರ ಯಜಮಾನರು ಅರಳಿಕಟ್ಟೆಯ ಮೇಲೆ ರಾಜಿ ಪಂಚಾಯ್ತಿ ನಡೆಸುತ್ತಿದ್ದರು ಎಂಬುದು ಊರಿಗೆಲ್ಲ ಗೊತ್ತು, ಕಡತದಲ್ಲಿ ಮಾತ್ರ ಇರುವುದಿಲ್ಲ. ಊರಿನ ಬದುಕು ಬಲ್ಲವರು ಪೀಠದ ಪಕ್ಕದಲ್ಲಿದ್ದರೆ ಆ ಎರಡು ದಿನಗಳ ಬಗ್ಗೆ ಸಾಕ್ಷಿಯನ್ನು ಕೇಳಿಯಾರು. 1872ರ ಸಾಕ್ಷ್ಯ ಅಧಿನಿಯಮದ 166ನೇ ಕಲಂ ಅಸೆಸರ್‌ಗಳಿಗೆ ನ್ಯಾಯಾಧೀಶರ ಅನುಮತಿಯಿಂದ ಸಾಕ್ಷಿಗೆ ಪ್ರಶ್ನೆ ಹಾಕುವ ಹಕ್ಕನ್ನು ಕೊಟ್ಟಿತ್ತು. ಅಸೆಸರ್‌ಗಳು ಹೋದ ಮೇಲೂ ಆ ಕಲಂ ಪುಸ್ತಕದಲ್ಲಿ ಉಳಿದೇ ಇತ್ತು. 2024ರ ಜುಲೈ 1ರಂದು ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಾಗ ಅದೂ ಹೋಯಿತು.

ಇನ್ನು ಸೋಲಿನ ಮಾತು. ವಿಚಾರಣೆ ಮುಗಿದ ಮೇಲೆ ನ್ಯಾಯಾಧೀಶರು ಒಬ್ಬೊಬ್ಬ ಅಸೆಸರನ್ನೂ ಬಾಯಿಮಾತಿನಲ್ಲಿ ಅಭಿಪ್ರಾಯ ಕೇಳಬೇಕು, ಬರೆದುಕೊಳ್ಳಬೇಕು. 1898ರ ಸಂಹಿತೆಯ 309ನೇ ಕಲಂನ ಮೊದಲ ಭಾಗ ಇದು. ಎರಡನೇ ಭಾಗ ಹೇಳುವುದು: ನ್ಯಾಯಾಧೀಶರು ತೀರ್ಪು ಕೊಡಬೇಕು, ಅಸೆಸರ್‌ಗಳ ಅಭಿಪ್ರಾಯಕ್ಕೆ ಅವರು ಬದ್ಧರಲ್ಲ. ನಾಲ್ವರೂ ಒಂದೇ ದನಿಯಲ್ಲಿ ‘ನಿರ್ದೋಷಿ’ ಎಂದರೂ ಗಲ್ಲಿನ ಶಿಕ್ಷೆ ಬರೆಯಲು ಅಡ್ಡಿಯಿರಲಿಲ್ಲ. ಜ್ಯೂರಿಯ ಮಾತನ್ನು ಹೀಗೆ ದಾಟಲಾಗುತ್ತಿರಲಿಲ್ಲ. ಒಪ್ಪದ ಸೆಷನ್ಸ್ ನ್ಯಾಯಾಧೀಶರು ಕೇಸನ್ನು ಹೈಕೋರ್ಟಿಗೆ ಕಳಿಸಬೇಕಿತ್ತು. ಅಸೆಸರ್‌ಗಳು ತಮ್ಮಲ್ಲೇ ಕೂತು ಚರ್ಚಿಸಬೇಕೆಂದು ಕಾನೂನು ಎಲ್ಲೂ ಹೇಳಲಿಲ್ಲ. ಇನ್ನೂ ಕೆಟ್ಟದ್ದು 285ನೇ ಕಲಂ: ನಡುವೆ ಒಬ್ಬ ಅಸೆಸರ್ ಬಾರದೇ ಹೋದರೆ ಉಳಿದವರೊಂದಿಗೆ ವಿಚಾರಣೆ ಮುಂದುವರಿಯುತ್ತದೆ. ಮೂವರಲ್ಲಿ ಇಬ್ಬರು ಬಾರದಿದ್ದರೂ ಕೇಸು ನಿಲ್ಲದು. ಇದ್ದರೂ ಇಲ್ಲದಿದ್ದರೂ ವ್ಯತ್ಯಾಸವಾಗದ ಜಾಗದಲ್ಲಿ ಮನುಷ್ಯನನ್ನು ಕೂರಿಸಿ, ಜವಾಬ್ದಾರಿ ಹೊರು ಎಂದರೆ ಅವನು ಹೇಗೆ ಹೊತ್ತಾನು? ಬಾರದಿದ್ದರೆ ದಂಡ, ಬಂದು ಹೇಳಿದ ಮಾತಿಗೆ ಬೆಲೆಯಿಲ್ಲ. ಅಸೆಸರ್‌ಗಳು ಗಮನವಿಟ್ಟು ಕೇಳುವುದಿಲ್ಲ, ಬರುವುದೇ ಇಲ್ಲ ಎಂದು ದೂರಿದವರು ದೋಷವನ್ನು ಜನರ ಮೇಲೆ ಹೊರಿಸಿದರು. ದೋಷವಿದ್ದದ್ದು ಕಾನೂನಿನ ರಚನೆಯಲ್ಲಿ.

ಇದರ ಅತಿ ದೊಡ್ಡ ಉದಾಹರಣೆ ಕಾರ್ಮಿಕ, ಕಮ್ಯುನಿಸ್ಟ್ ನಾಯಕರ ಮೇಲೆ ಬ್ರಿಟಿಷ್ ಸರ್ಕಾರ ಹೂಡಿದ ಮೀರತ್ ಪಿತೂರಿ ಕೇಸು. 1929ರ ಮಾರ್ಚ್‌ನಲ್ಲಿ ಬಂಧನ, 1933ರ ಜನವರಿಯಲ್ಲಿ ತೀರ್ಪು. ಸೆಷನ್ಸ್ ನ್ಯಾಯಾಧೀಶರ ಜೊತೆ ಐವರು ಅಸೆಸರ್‌ಗಳು. ಜ್ಯೂರಿ ಸಿಗುತ್ತಿದ್ದ ಬೊಂಬಾಯಿ, ಕಲ್ಕತ್ತಾಗಳನ್ನು ಬಿಟ್ಟು ಮೀರತ್‌ನಲ್ಲಿ ಕೇಸು ಹೂಡಿದ್ದೇ ಜ್ಯೂರಿ ತಪ್ಪಿಸಲು ಎಂಬ ಟೀಕೆ ಆಗಲೇ ಎದ್ದಿತ್ತು. ಸರ್ಕಾರ ತಾನೇ ಒಂದು ಕಕ್ಷಿಯಾಗಿದ್ದಾಗ ಸರ್ಕಾರಕ್ಕೆ ಅಸೆಸರ್‌ಗಳು ಹಿತವಾಗಿ ಕಂಡದ್ದು ಅವರ ಮಾತಿಗೆ ತೂಕ ಇರದ ಕಾರಣಕ್ಕೇ. ನಮ್ಮ ಮದ್ದೂರಿನ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಧ್ವಜ ಸತ್ಯಾಗ್ರಹ ನಡೆದಾಗ ಜನ ಮುರಿದದ್ದು ನಿಷೇಧಾಜ್ಞೆಯನ್ನು. ಅಂಥ ಅಪರಾಧ ಮ್ಯಾಜಿಸ್ಟ್ರೇಟರ ಮಟ್ಟದ್ದು, ಅಲ್ಲಿ ಅಸೆಸರ್‌ಗಳಿಗೆ ಜಾಗವೇ ಇರಲಿಲ್ಲ. ಪ್ರಜೆಗೂ ಪ್ರಭುತ್ವಕ್ಕೂ ನೇರ ಮುಖಾಮುಖಿಯಾದ ಹೊತ್ತಿನಲ್ಲಿ ಈ ಪದ್ಧತಿ ಒಂದೋ ಗೈರುಹಾಜರು, ಇಲ್ಲವೇ ನಿಶ್ಶಕ್ತ.

ಹಾಗಾದರೆ ಅಸೆಸರ್‌ಗಳಿಗೆ ಮತ ಕೊಟ್ಟಿದ್ದರೆ ಎಲ್ಲ ಸರಿಯಾಗುತ್ತಿತ್ತೇ? ಇಲ್ಲಿ ನಮ್ಮ ನೆಲದ ಕಹಿ ಸತ್ಯವನ್ನು ಮುಚ್ಚಿಡಬಾರದು. ಊರಿನ ತೂಬು ಬಲ್ಲವನಿಗೆ ಊರಿನ ಜಾತಿಯೂ ಗೊತ್ತು, ಯಾರು ಯಾರ ಕಡೆಯವರೆಂಬುದೂ ಗೊತ್ತು. ಒಕ್ಕಲಿಗರು ಬಹುಸಂಖ್ಯೆಯಲ್ಲಿರುವ, ಭೂಮಿಯೂ ರಾಜಕೀಯವೂ ಅವರ ಕೈಯಲ್ಲೇ ಹೆಚ್ಚಾಗಿರುವ ಜಿಲ್ಲೆಯಲ್ಲಿ ಯಾರೋ ಮೂವರು ‘ಗೌರವಸ್ಥರು’ ಎಂದರೆ ಅವರು ಯಾವ ಕೇರಿಯಿಂದ ಬರುತ್ತಾರೆ? ದಲಿತ ಕೇರಿಯ ಮೇಲೆ ಹಲ್ಲೆಯಾದ ಕೇಸಿನಲ್ಲಿ ಅವರ ತಕ್ಕಡಿ ಎತ್ತ ವಾಲುತ್ತದೆ? ಆಗಿನ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ಪ್ರತಿಕೂಲವಾದರು, 2006ರಲ್ಲಿ ಎಲ್ಲ ಆರೋಪಿಗಳೂ ಬಿಡುಗಡೆಯಾದರು. ಸಾಕ್ಷಿಗಳ ಬಾಯನ್ನೇ ಮುಚ್ಚಿಸಬಲ್ಲ ಊರು, ಅಸೆಸರ್‌ಗಳನ್ನು ಬಿಟ್ಟೀತೇ? ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ನಡೆದ ದೌರ್ಜನ್ಯಕ್ಕೆ ಕೊಪ್ಪಳದ ಸೆಷನ್ಸ್ ನ್ಯಾಯಾಲಯ 2024ರ ಅಕ್ಟೋಬರ್‌ನಲ್ಲಿ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅದನ್ನು ಬರೆದದ್ದು ವೃತ್ತಿಪರ ನ್ಯಾಯಾಧೀಶರು. ಅದೇ ಸೀಮೆಯ ಮೂವರು ಸಾಮಾನ್ಯರು ಅಷ್ಟು ಹೆಸರುಗಳ ಎದುರು ಬಾಯಿಬಿಟ್ಟು ‘ದೋಷಿ’ ಎನ್ನುತ್ತಿದ್ದರೆಂದು ನಂಬಲು ನನಗೆ ಧೈರ್ಯ ಸಾಲದು.

ಪೂರ್ವಗ್ರಹ ಜಾತಿಯದೊಂದೇ ಅಲ್ಲ. ಮಂಡ್ಯ ತಾಲ್ಲೂಕಿನ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದು 2023ರ ನವೆಂಬರ್‌ನಲ್ಲಿ ಬಯಲಾಯಿತು. ಬೆಲ್ಲ ಬೇಯುವ ಜಾಗದಲ್ಲಿ ಹೆಣ್ಣು ಭ್ರೂಣಗಳ ಲೆಕ್ಕ! ಅದನ್ನು ಹುಡುಕಿಕೊಂಡು ಬಂದವರು ಬೇರೆ ಲೋಕದವರಲ್ಲ, ನಮ್ಮ ನಡುವಿನ ಕುಟುಂಬಗಳೇ. ಅಂಥ ಅಪರಾಧದ ವಿಚಾರಣೆಗೆ ಬರೀ ಗಂಡಸರ ಹಳೆಯ ಪಟ್ಟಿಯಿಂದ ಮೂವರನ್ನು ತಂದು ಕೂರಿಸಿದರೆ ಊರಿನ ರೋಗವೇ ಪೀಠ ಹತ್ತಿದಂತಾಗುತ್ತದೆ. ಆದ್ದರಿಂದ ಹಳೆಯ ಅಸೆಸರ್ ಪದ್ಧತಿಯನ್ನು ಇದ್ದಂತೆ ಮರಳಿ ತರುವುದನ್ನು ನಾನು ಒಪ್ಪುವುದಿಲ್ಲ.

ಆದರೆ ಸಾಮಾನ್ಯರನ್ನು ಪೂರ್ತಿ ಹೊರಗಿಡುವುದೊಂದೇ ಉಳಿದ ದಾರಿಯೆಂಬುದನ್ನೂ ಒಪ್ಪಲಾರೆ. ಜರ್ಮನಿಯ ಷೋಫೆನ್ ನ್ಯಾಯಾಲಯಗಳಲ್ಲಿ ಒಬ್ಬ ನ್ಯಾಯಾಧೀಶರ ಜೊತೆ ಇಬ್ಬರು ಸಾಮಾನ್ಯರು ಕೂರುತ್ತಾರೆ, ಮೂವರ ಮತಕ್ಕೂ ಸಮಾನ ಬೆಲೆ. ದಕ್ಷಿಣ ಆಫ್ರಿಕಾದಲ್ಲಿ ಇಂದಿಗೂ ಅಸೆಸರ್‌ಗಳಿದ್ದಾರೆ. ವಾಸ್ತವಾಂಶಗಳ ಮಟ್ಟಿಗೆ ಬಹುಮತವೇ ಅಂತಿಮ, ಇಬ್ಬರು ಅಸೆಸರ್‌ಗಳು ಒಂದಾದರೆ ನ್ಯಾಯಾಧೀಶರೂ ತಲೆಬಾಗಬೇಕು. 2014ರಲ್ಲಿ ಓಟಗಾರ ಆಸ್ಕರ್ ಪಿಸ್ಟೋರಿಯಸ್‌ನ ಕೊಲೆ ಕೇಸನ್ನು ನ್ಯಾಯಾಧೀಶೆ ಮಸಿಪಾ ಕೇಳಿದ್ದು ಹಾಗೆ ಇಬ್ಬರೊಡನೆ ಕೂತೇ. ಜಪಾನ್ 2009ರಿಂದ ಗಂಭೀರ ಅಪರಾಧಗಳಿಗೆ ಮೂವರು ನ್ಯಾಯಾಧೀಶರ ಜೊತೆ ಆರು ಮಂದಿ ಪ್ರಜೆಗಳನ್ನು ಕೂರಿಸುತ್ತಿದೆ. ದೋಷಿಯೆನ್ನಲು ಬಹುಮತದ ಜೊತೆಗೆ ಕನಿಷ್ಠ ಒಬ್ಬ ನ್ಯಾಯಾಧೀಶರ ಒಪ್ಪಿಗೆಯೂ ಬೇಕು. ಜನರ ಪೂರ್ವಗ್ರಹವೇ ಒಬ್ಬನನ್ನು ಜೈಲಿಗೆ ನೂಕದಂತೆ ಹಾಕಿದ ಜಪಾನಿನ ಈ ಬೇಲಿ ನನಗೆ ಇವುಗಳಲ್ಲೆಲ್ಲ ಹೆಚ್ಚು ವಿವೇಕದ್ದಾಗಿ ಕಾಣುತ್ತದೆ.

ಜಪಾನಿನವರೆಗೆ ಹೋಗಬೇಕಾದ್ದೂ ಇಲ್ಲ. ಮತವಿರುವ ಅಸೆಸರ್‌ಗಳು ಮಂಡ್ಯದಲ್ಲೇ ಇದ್ದಾರೆ. ನಮ್ಮ ಗಮನ ಅತ್ತ ಹೋಗಿಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ಬಾಲನ್ಯಾಯ ಮಂಡಳಿ ಇರಬೇಕು. ಅಪರಾಧದ ಆರೋಪ ಹೊತ್ತ, 18 ತುಂಬದ ಮಕ್ಕಳ ಕೇಸು ಹೋಗುವುದು ಅಲ್ಲಿಗೆ. ಪ್ರಧಾನ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರಾದರೂ ಮಹಿಳೆ. ಮಕ್ಕಳ ಆರೋಗ್ಯ, ಶಿಕ್ಷಣ, ಕಲ್ಯಾಣದ ಕೆಲಸದಲ್ಲಿ 7 ವರ್ಷ ತೊಡಗಿದವರು ಅಥವಾ ಮಕ್ಕಳ ಮನಶ್ಶಾಸ್ತ್ರ, ಮನೋವೈದ್ಯಶಾಸ್ತ್ರ, ಸಮಾಜಶಾಸ್ತ್ರ, ಕಾನೂನಿನ ಪದವಿ ಪಡೆದು ವೃತ್ತಿಯಲ್ಲಿರುವವರು ಈ ಸದಸ್ಯತ್ವಕ್ಕೆ ಅರ್ಹರು. ಎತ್ತರದ ಪೀಠವಿಲ್ಲ, ಕಟಕಟೆಯಿಲ್ಲ. ಹುಡುಗ ಎದುರಿಗೆ ಕೂತು ಮಾತಾಡಬೇಕು. ಅವನ ಮನೆ, ಶಾಲೆ, ಸಹವಾಸದ ಬಗ್ಗೆ ಪರಿವೀಕ್ಷಣಾಧಿಕಾರಿ ತಯಾರಿಸಿದ ಸಾಮಾಜಿಕ ತನಿಖಾ ವರದಿ ಮೇಜಿನ ಮೇಲಿರಬೇಕು.

ಈ ವರದಿಯನ್ನು ಓದುವ ಬಗೆಯಲ್ಲೇ ಕಾನೂನು ಓದದ ಸದಸ್ಯರ ಬೆಲೆ ಗೊತ್ತಾಗುವುದು. ‘ಶಾಲೆ ಬಿಟ್ಟಿದ್ದಾನೆ, ಕೂಲಿ ಮಾಡುತ್ತಾನೆ’ ಎಂಬ ಒಂದು ಸಾಲನ್ನೇ ತೆಗೆದುಕೊಳ್ಳಿ. ಮಕ್ಕಳ ನಡುವೆ ವರ್ಷಗಟ್ಟಲೆ ಕೆಲಸ ಮಾಡಿದವರು ಅದನ್ನು ಅಲ್ಲಿಗೇ ಬಿಡುವುದಿಲ್ಲ. ಯಾವ ತರಗತಿಗೆ ಬಿಟ್ಟ, ಅಪ್ಪನ ಸಾಲಕ್ಕೆ ಬಿಟ್ಟನೋ ಮೇಷ್ಟ್ರ ಹೊಡೆತಕ್ಕೆ ಬಿಟ್ಟನೋ, ಆಲೆಮನೆಯಲ್ಲಿ ರಾತ್ರಿ ಪಾಳಿ ಮಾಡುವಾಗ ಯಾರ ಜೊತೆ ಸೇರಿದ, ವಾಪಸು ಕಳಿಸಿದರೆ ಮನೆಯಲ್ಲಿ ಕಾಯುವವರು ಯಾರು ಎಂದು ಕೇಳುತ್ತಾರೆ. 16 ದಾಟಿದ ಹುಡುಗನ ಮೇಲೆ ಘೋರ ಅಪರಾಧದ ಆರೋಪವಿದ್ದರೆ ಮಂಡಳಿಯ ಹೊಣೆ ಇನ್ನೂ ದೊಡ್ಡದು. ಕೃತ್ಯ ಎಸಗುವ ಮಾನಸಿಕ, ದೈಹಿಕ ಸಾಮರ್ಥ್ಯ ಅವನಿಗಿತ್ತೇ, ಪರಿಣಾಮ ತಿಳಿಯುತ್ತಿತ್ತೇ, ಯಾವ ಸಂದರ್ಭದಲ್ಲಿ ನಡೆಯಿತು ಎಂಬುದನ್ನು ಅಳೆದು, ಅವನನ್ನು ವಯಸ್ಕನಂತೆ ವಿಚಾರಣೆಗೊಳಪಡಿಸಲು ಮಕ್ಕಳ ನ್ಯಾಯಾಲಯಕ್ಕೆ ಕಳಿಸಬೇಕೇ ಬೇಡವೇ ಎಂದು ತೀರ್ಮಾನಿಸಬೇಕು. ಒಬ್ಬ ಹುಡುಗನ ಇಡೀ ಆಯುಷ್ಯ ಕವಲೊಡೆಯುವ ಜಾಗವಿದು. ಮಂಡಳಿಯಲ್ಲಿ ಮಕ್ಕಳ ಮನಸ್ಸಿನ ತಜ್ಞರಿಲ್ಲದಿದ್ದರೆ ಹೊರಗಿನ ತಜ್ಞರ ನೆರವು ಪಡೆಯಲೇಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಬರುನ್ ಚಂದ್ರ ಠಾಕೂರ್ ಪ್ರಕರಣದಲ್ಲಿ ಹೇಳಿದೆ.

ಈಗ ಮತದ ಲೆಕ್ಕ ನೋಡಿ. ಸದಸ್ಯರಲ್ಲಿ ಭಿನ್ನಾಭಿಪ್ರಾಯ ಬಂದರೆ ಬಹುಮತಕ್ಕೆ ಗೆಲುವು. ಮೂವರೂ ಕೂತಿದ್ದರೆ ಇಬ್ಬರು ಸಮಾಜ ಕಾರ್ಯಕರ್ತರು ಸೇರಿ ಮ್ಯಾಜಿಸ್ಟ್ರೇಟರ ಅಭಿಪ್ರಾಯವನ್ನು ಮೀರಬಲ್ಲರು. 1898ರ ಅಸೆಸರ್ ಕನಸಿನಲ್ಲೂ ಕಾಣದ ಅಧಿಕಾರ ಇದು. ಆದರೆ ಈ ನಿಯಮವಿರುವ ಬಾಲನ್ಯಾಯ ಕಾಯ್ದೆಯ 7ನೇ ಕಲಂ, ಬಹುಮತ ಬಾರದಿದ್ದರೆ ಪ್ರಧಾನ ಮ್ಯಾಜಿಸ್ಟ್ರೇಟರ ಅಭಿಪ್ರಾಯವೇ ನಿಲ್ಲುತ್ತದೆ ಎನ್ನುತ್ತದೆ. ಅಂತಿಮ ಆದೇಶಕ್ಕೆ ಮ್ಯಾಜಿಸ್ಟ್ರೇಟರೂ ಸೇರಿ ಇಬ್ಬರಿದ್ದರೆ ಸಾಕು ಎಂದೂ ಹೇಳುತ್ತದೆ. ಒಂದು ಕುರ್ಚಿ ಖಾಲಿ ಬಿತ್ತೆಂದಿಟ್ಟುಕೊಳ್ಳಿ. ಉಳಿದವರು ಇಬ್ಬರು, ಒಬ್ಬರಿಗೊಬ್ಬರು ಒಪ್ಪಲಿಲ್ಲ, ಮ್ಯಾಜಿಸ್ಟ್ರೇಟರ ಮಾತೇ ಆದೇಶವಾಯಿತು. ಆ ಕ್ಷಣಕ್ಕೆ ಉಳಿದ ಆ ಒಬ್ಬ ಸದಸ್ಯೆ ಅಭಿಪ್ರಾಯವಿದ್ದೂ ಮತವಿಲ್ಲದ ಹಳೆಯ ಅಸೆಸರ್ ಆಗಿಬಿಡುತ್ತಾಳೆ. ಕಾಯ್ದೆಯ ಒಂದಕ್ಷರವನ್ನೂ ತಿದ್ದದೆ, ನೇಮಕಾತಿ ತಡಮಾಡುವುದರಿಂದಲೇ 1955ರಲ್ಲಿ ಕೈಬಿಟ್ಟ ಪದ್ಧತಿ ಹಿಂಬಾಗಿಲಿನಿಂದ ಮರಳುತ್ತದೆ. ಮಂಡಳಿಯ ಖಾಲಿ ಕುರ್ಚಿಯನ್ನು ಆಡಳಿತದ ಸಣ್ಣ ವಿಳಂಬವೆಂದು ನೋಡುವವರಿಗೆ ನನ್ನ ತಕರಾರು ಇದೇ: ಅಲ್ಲಿ ಖಾಲಿಯಾಗುವುದು ಒಂದು ಕುರ್ಚಿ, ನಷ್ಟವಾಗುವುದು ಎರಡು ಮತ.

ಹೀಗಾಗಿ ನನ್ನ ತೀರ್ಪು ಇಷ್ಟು. ಹಳೆಯ ಅಸೆಸರ್ ಪದ್ಧತಿ ನ್ಯಾಯದ ವಿಚಾರಣೆಗೆ ಊರಿನ ತಿಳಿವಳಿಕೆಯನ್ನು ತಂದಿತು, ಅದಕ್ಕೆ ಸಲ್ಲಬೇಕಾದ ಅಧಿಕಾರ ಕೊಡದೆ ತಾನೇ ಸತ್ತಿತು. ಬಾಲನ್ಯಾಯ ಮಂಡಳಿ ಅಧಿಕಾರ ಕೊಟ್ಟಿದೆ. ಮಹಿಳೆಗೆ ಜಾಗ, ಅನುಭವದ ಅರ್ಹತೆ, ಲಿಖಿತ ಆದೇಶ, ಅದರ ಮೇಲೆ ಮೇಲ್ಮನವಿ ಎಂಬ ಬೇಲಿಗಳನ್ನೂ ಹಾಕಿದೆ. ವಯಸ್ಕರ ಸೆಷನ್ಸ್ ವಿಚಾರಣೆಗೂ ಒಂದು ದಿನ ಸಾಮಾನ್ಯರನ್ನು ಮರಳಿ ಕರೆಯುವುದಾದರೆ ಮಾದರಿ ಇದೇ ಆಗಬೇಕು. ಘಟನೆ ಮಳವಳ್ಳಿಯದಾದರೆ ಅಸೆಸರ್‌ಗಳು ಬೇರೆ ತಾಲ್ಲೂಕಿನವರಿರಲಿ, ಅವರಲ್ಲಿ ದಲಿತರೂ ಹೆಂಗಸರೂ ಕಡ್ಡಾಯವಾಗಿರಲಿ, ಬರೆದ ಕಾರಣಗಳಿರಲಿ, ದೋಷಿಯೆನ್ನಲು ನ್ಯಾಯಾಧೀಶರ ಸಮ್ಮತಿಯೂ ಬೇಕಾಗಲಿ. ಮಾಡುವುದಾದರೆ ಮತ ಕೊಟ್ಟೇ ಮಾಡಬೇಕು. ಮತವಿಲ್ಲದ ಕುರ್ಚಿ ಬೇಡ.

ಅದು ದೂರದ ಮಾತು. ಹತ್ತಿರದ ಕೆಲಸ ಕಣ್ಣೆದುರಿಗಿದೆ. ಮಂಡಳಿಯ ಸದಸ್ಯರ ಅವಧಿ 3 ವರ್ಷ. ಅದು ಮುಗಿಯುವ ದಿನ ಸರ್ಕಾರಕ್ಕೆ ಮೊದಲೇ ಗೊತ್ತಿರುತ್ತದೆ, ಮುಗಿಯುವ ಮುನ್ನವೇ ಹೊಸಬರನ್ನು ನೇಮಿಸಬೇಕು. ಮಂಡ್ಯ, ಮದ್ದೂರು, ಮಳವಳ್ಳಿಯ ಹಳ್ಳಿಗಳಲ್ಲಿ ಮಕ್ಕಳಿಗಾಗಿ ಏಳು ವರ್ಷಕ್ಕೂ ಮೇಲ್ಪಟ್ಟು ದುಡಿದ ಶಿಕ್ಷಕಿಯರಿದ್ದಾರೆ, ಆರೋಗ್ಯ ಕಾರ್ಯಕರ್ತೆಯರಿದ್ದಾರೆ, ಸಂಘಗಳಲ್ಲಿ ಕೆಲಸ ಮಾಡಿದವರಿದ್ದಾರೆ. ಮುಂದಿನ ಸಲ ಪತ್ರಿಕೆಯ ಒಳಪುಟದಲ್ಲಿ ಬಾಲನ್ಯಾಯ ಮಂಡಳಿಯ ಸದಸ್ಯತ್ವಕ್ಕೆ ಅರ್ಜಿ ಕರೆದ ಪ್ರಕಟಣೆ ಕಂಡರೆ, ಷರತ್ತುಗಳನ್ನು ಓದಿ ಅರ್ಹತೆಯಿದ್ದರೆ ದಯವಿಟ್ಟು ಅರ್ಜಿ ಹಾಕಿ.